ಕೆರೆ ದಂಡೆಯಲ್ಲಿ ಕುದುರೆ ಜೊತೆ ಒಂದು ರಾತ್ರಿ: ಮೊದಲು ದಾವಣಿ, ಆಮೇಲೆ ಟೆಂಟು

ಮೊದಲ ಸಲ ನಮ್ಮ ಕುದುರೆ ಕೆಂದನನ್ನು ಕೆರೆ ದಂಡೆಗೆ ಕರೆದುಕೊಂಡು ಹೋದಾಗ ನಾನು ಟೆಂಟನ್ನು ಬಹಳ ಚೆನ್ನಾಗಿ ಕಟ್ಟಿದ್ದೆ. ಕುದುರೆ ಕಟ್ಟಿದ್ದೇ ಸರಿ ಇರಲಿಲ್ಲ. ದನಕ್ಕೆ ಹೊಡೆದ ಹಾಗೆ ಒಂದು ಗೂಟ ಹೊಡೆದು, ಹದಿನೈದು ಅಡಿ ನೈಲಾನ್ ಹಗ್ಗ ಬಿಟ್ಟು, ಮೇಯ್ದುಕೊಂಡಿರಲಿ ಅಂತ ಮಲಗಿಬಿಟ್ಟೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಗೂಟವೂ ಇಲ್ಲ, ಕುದುರೆಯೂ ಇಲ್ಲ. ಎರೆ ನೆಲ, ಹಿಂದಿನ ದಿನ ಮಳೆ ಬೇರೆ ಬಂದಿತ್ತು, ಗೂಟ ಸಲೀಸಾಗಿ ಕಿತ್ತು ಬಂದಿದೆ. ಕೆಂದ ಸಿಕ್ಕಿದ್ದು ಪಕ್ಕದ ಮೆಕ್ಕೆಜೋಳದ ಹೊಲದಲ್ಲಿ. ಹಗ್ಗ ಹಿಂಗಾಲಿಗೆ ಸುತ್ತಿ, ಗೊರಸಿನ ಮೇಲಿನ ಚರ್ಮ ಸುಲಿದುಹೋಗಿತ್ತು. ಹೊಲದವರು ಬೈದರು, ಬೈಯಲೇಬೇಕಿತ್ತು ಬಿಡಿ. ಗಾಯ ಮಾಯಲು ಮೂರು ವಾರ ಹಿಡಿಯಿತು.

ಅಮೆರಿಕದ ಪ್ರೇರಿ ಸೀಮೆಯಲ್ಲಿ, ಡಕೋಟಾ, ನೆಬ್ರಾಸ್ಕಾ ಕಡೆ, ಕುದುರೆ ಜೊತೆ ಬರುವವರಿಗೆ ಅಂತಲೇ ಕ್ಯಾಂಪ್ ಜಾಗಗಳಿವೆ. ಕಟ್ಟುವುದಕ್ಕೆ ಕಂಬ, ಬೇಲಿ ಹಾಕಿದ ಅಂಕಣ, ನೀರು, ಎಲ್ಲ ಇರುತ್ತದೆ. ಕಳೆ ಬೀಜ ಇಲ್ಲದ ಒಣಹುಲ್ಲನ್ನೇ ತರಬೇಕು ಅನ್ನುವ ನಿಯಮವೂ ಹಲವು ಕಡೆ ಉಂಟು. ನಮ್ಮಲ್ಲಿ ಅದೇನೂ ಇಲ್ಲ. ಆದರೆ ನಮ್ಮಲ್ಲಿ ಕುರಿಗಾರರಿದ್ದಾರೆ ಅಲ್ವಾ? ಸಾಮಾನು ಹೊರಿಸಿದ ಪುಟ್ಟ ಕುದುರೆ, ಮರಿಗಳಿಗೆ ಬಲೆ, ಹಿಂದೆ ನಾಯಿ. ಅವರು ಬೀಡು ಬಿಟ್ಟ ಜಾಗ ಒಮ್ಮೆ ಗಮನಿಸಿ. ನೀರು ಕಾಣುವಷ್ಟು ಹತ್ತಿರ ಇರುತ್ತಾರೆ, ನೀರಿಗೆ ಅಂಟಿಕೊಂಡು ಇರುವುದಿಲ್ಲ. ನೆಲ ಸ್ವಲ್ಪ ಎತ್ತರ, ಗಟ್ಟಿ ಕೆಂಪು ಮಣ್ಣು, ಗಾಳಿಗೆ ಏನಾದರೂ ಒಂದು ಮರೆ. ನೀವೂ ಅದನ್ನೇ ಹುಡುಕಿ. ನೀರಿನಿಂದ ಇನ್ನೂರು ಅಡಿಯಾದರೂ ದೂರ ಇರಲಿ, ಲದ್ದಿ ಗಂಜಲ ಕೆರೆಗೆ ಹರಿಯಬಾರದು.

ಸೂಳೆಕೆರೆ ಇರಲಿ, ವಾಣಿವಿಲಾಸ ಸಾಗರದ ಹಿನ್ನೀರು ಇರಲಿ, ನಿಮ್ಮೂರಿನ ಸಣ್ಣ ಕೆರೆಯೇ ಇರಲಿ, ನೀರು ಹಿಂದೆ ಸರಿದ ಮೇಲೆ ಅಂಗಳ ಒಣಗಿದ ಹಾಗೆ ಕಾಣುತ್ತದೆ. ಮೇಲೆ ಬಿರುಕು, ಒಳಗೆ ಹೂಳು. ಕುದುರೆ ಹೊಟ್ಟೆಯವರೆಗೆ ಹೂತರೆ ನಾಲ್ಕು ಜನ ಸೇರಿದರೂ ಎಳೆಯುವುದು ಕಷ್ಟ. ಮೊದಲು ನೀವು ನಡೆದು ನೋಡಿ. ದನ ಇಳಿಯುವ ದಾರಿ ಇದ್ದರೆ ಅದರಲ್ಲೇ ಇಳಿಸಿ.

ಇನ್ನು ಅನುಮತಿ. ಜೋಗಿಮಟ್ಟಿ ವನ್ಯಧಾಮ, ಅಲ್ಲಿ ಸುಮ್ನೆ ಹೋಗಿ ಟೆಂಟು ಹಾಕುವ ಹಾಗಿಲ್ಲ. ಅಮೃತಮಹಲ್ ತಳಿಯ ದನಗಳಿಗೆ ಮೀಸಲಾದ ಕಾವಲುಗಳ ಹುಲ್ಲು ಎಷ್ಟೇ ಆಸೆ ಹುಟ್ಟಿಸಿದರೂ ಕೇಳದೆ ಒಳಗೆ ಹೋಗಬೇಡಿ. ಕೆರೆಯಾದರೆ ಪಂಚಾಯಿತಿಯಲ್ಲಿ ಒಂದು ಮಾತು, ಪಕ್ಕದ ಹೊಲದವರ ಹತ್ತಿರ ಇನ್ನೊಂದು ಮಾತು. ಎರಡನೆಯದೇ ಜಾಸ್ತಿ ಮುಖ್ಯ. ಚಿತ್ರದುರ್ಗದ ಕಡೆ ಬಂಡೆ ಗುಡ್ಡದ ಬುಡದಲ್ಲಿ ಉಳಿಯಬೇಡಿ, ಅದು ಕರಡಿ, ಚಿರತೆ ಓಡಾಡುವ ಜಾಗ.

ಈಗ ದಾವಣಿ, ಅಂದರೆ ಪ್ರಾಣಿ ಕಟ್ಟಲು ಎಳೆದು ಬಿಗಿದ ಉದ್ದ ಹಗ್ಗ. ನಮ್ಮೂರಿಗೆ ದಾವಣಗೆರೆ ಅನ್ನುವ ಹೆಸರು ಬಂದದ್ದೇ ಕೆರೆ ಹತ್ತಿರ ಕುದುರೆ ಕಟ್ಟುತ್ತಿದ್ದ ದಾವಣಿಯಿಂದ ಅಂತ ಒಂದು ಮಾತಿದೆ. ದಣಿವಾರಿಸಿದ ಕೆರೆ ಅನ್ನುವ ಕತೆ ಹೇಳುವವರೂ ಇದ್ದಾರೆ. ನನಗೆ ದಾವಣಿಯೇ ಇಷ್ಟ. ದನದ ದಾವಣಿ ನೆಲದಲ್ಲಿರುತ್ತದೆ, ಕುದುರೆಯದು ತಲೆಗಿಂತ ಎತ್ತರದಲ್ಲಿರಬೇಕು, ವ್ಯತ್ಯಾಸ ಅಷ್ಟೇ. ಎರಡು ಗಟ್ಟಿ ಮರ ನೋಡಿ, ಬೇವು ಅಥವಾ ಹುಣಸೆ. ತೊಗಟೆಗೆ ಗೋಣಿತಾಟು ಮಡಚಿ ಸುತ್ತಿ, ಅದರ ಮೇಲೆ ಏಳೆಂಟು ಅಡಿ ಎತ್ತರದಲ್ಲಿ ದಪ್ಪ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿ. ಕುದುರೆ ಜಗ್ಗಿದಾಗ ಹಗ್ಗ ಜೋತು ಬೀಳಬಾರದು. ಅದರಲ್ಲಿ ಒಂದು ಕುಣಿಕೆ ಹಾಕಿ, ಅಲ್ಲಿಂದ ಹಾಲ್ಟರ್‌ಗೆ, ಅಂದರೆ ಕಡಿವಾಣ ಇಲ್ಲದ ತಲೆಪಟ್ಟಿಗೆ, ಹಗ್ಗ ಬಿಡಿ. ಕುದುರೆ ತಲೆ ತಗ್ಗಿಸಿ ಹುಲ್ಲು ತಿನ್ನಬೇಕು, ಆದರೆ ಹಗ್ಗ ನೆಲಕ್ಕೆ ಬಿದ್ದು ಕಾಲಿಗೆ ಸಿಗಬಾರದು. ಕುಣಿಕೆ ಮರದಿಂದ ಆರೆಂಟು ಅಡಿ ದೂರ ಇರಲಿ, ಇಲ್ಲದಿದ್ದರೆ ಹಗ್ಗ ಕಾಂಡಕ್ಕೇ ಸುತ್ತಿಕೊಳ್ಳುತ್ತದೆ. ಗಂಟು ಮಾತ್ರ ತುದಿ ಹಿಡಿದು ಜಗ್ಗಿದರೆ ತಟ್ಟನೆ ಬಿಚ್ಚುವಂಥದ್ದೇ ಆಗಬೇಕು. ಕತ್ತಲಲ್ಲಿ, ಗಾಬರಿಯಲ್ಲಿ, ಬೆರಳು ನಡುಗುವಾಗಲೂ ಬಿಚ್ಚಲು ಬರಬೇಕು. ಕಡಿವಾಣಕ್ಕೆ ಯಾವತ್ತೂ ಕಟ್ಟಬೇಡಿ, ಬೆಚ್ಚಿ ಹಿಂದೆ ಜಗ್ಗಿದರೆ ಬಾಯಿ ಹರಿದುಹೋಗುತ್ತದೆ. ಇದನ್ನೆಲ್ಲ ಮನೆ ಹತ್ತಿರವೇ ಒಂದೆರಡು ರಾತ್ರಿ ರೂಢಿ ಮಾಡಿಸಿ. ಕೆರೆ ದಂಡೆ ಪಾಠ ಕಲಿಸುವ ಜಾಗ ಅಲ್ಲ.

ಮೇವು ಮನೆಯದ್ದೇ ಒಯ್ಯಿರಿ. ಮುನ್ನೂರು ಕೆಜಿ ತೂಗುವ ಕುದುರೆಗೆ ದಿನಕ್ಕೆ ಐದಾರು ಕೆಜಿ ಒಣಹುಲ್ಲು ಬೇಕು. ದಿನಾ ಹುರುಳಿ ಹಾಕುವವರು ಅಷ್ಟನ್ನೇ ಹಾಕಿ, ಹೋದ ಕಡೆ ಹೊಸದೇನನ್ನೂ ಶುರು ಮಾಡಬೇಡಿ. ಹೊಲದವರು ಪ್ರೀತಿಯಿಂದ ಮೆಕ್ಕೆಜೋಳ ಕೊಟ್ಟರೆ? ನಮ್ಮ ಕಡೆ ಕೊಟ್ಟೇ ಕೊಡುತ್ತಾರೆ. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಫ್ಯುಮೊನಿಸಿನ್ ಅನ್ನುವ ವಿಷ ಇರಬಹುದು, ದನ ತಡೆದುಕೊಂಡರೂ ಕುದುರೆಗೆ ಅದು ಮಿದುಳಿಗೇ ಹೊಡೆಯುತ್ತದೆ. ಕೈಮುಗಿದು ಬೇಡ ಅನ್ನಿ. ಎಳೆ ಜೋಳದ ಪೈರಿಗೆ ಬಾಯಿ ಹಾಕಲು ಬಿಡಬೇಡಿ, ಕಣಗಿಲೆ ಗಿಡದ ಹತ್ತಿರ ಕಟ್ಟಲೇಬೇಡಿ.

ಕುದುರೆ ದಿನಕ್ಕೆ 25ರಿಂದ 45 ಲೀಟರ್ ನೀರು ಕುಡಿಯುತ್ತದೆ, ಬಿಸಿಲಿದ್ದರೆ ಇನ್ನೂ ಜಾಸ್ತಿ. ಬಕೆಟ್ ನಿಮ್ಮದೇ ಇರಲಿ. ಬೇರೆ ಕುದುರೆಗಳು ಬಾಯಿ ಹಾಕಿದ ತೊಟ್ಟಿಯಿಂದ ಗ್ಲ್ಯಾಂಡರ್ಸ್ ಹರಡಬಹುದು, ಅದು ಮನುಷ್ಯರಿಗೂ ಬರುವ ಕಾಯಿಲೆ. ಬೇಸಿಗೆಯಲ್ಲಿ ಕೆರೆಯ ಮೇಲೆ ಹಸಿರು ಬಣ್ಣ ಬಳಿದ ಹಾಗೆ ಪಾಚಿ ಕಟ್ಟಿದ್ದರೆ ಆ ನೀರು ಬೇಡವೇ ಬೇಡ. ನೀರು ಬದಲಾದರೆ ಕೆಂದ ಮೂಸಿ ನೋಡಿ ಸುಮ್ಮನೆ ನಿಂತುಬಿಡುತ್ತಾನೆ. ಅದಕ್ಕೇ ಎರಡು ಕ್ಯಾನ್ ಮನೆ ನೀರು ಒಯ್ದು, ಮೊದಲು ಅರ್ಧಕ್ಕರ್ಧ ಬೆರೆಸಿ ಕೊಡುತ್ತೇನೆ.

ಮಲಗುವ ಮುಂಚೆ ನಾಲ್ಕೂ ಗೊರಸು ಎತ್ತಿ ನೋಡಿ. ಬಳ್ಳಾರಿ ಜಾಲಿ ಮುಳ್ಳು ಲಾಳದ ಪಕ್ಕದಲ್ಲೇ ಹೊಕ್ಕು ಮುರಿದಿರುತ್ತದೆ, ಮೇಲಿಂದ ಕಾಣುವುದಿಲ್ಲ. ಧನುರ್ವಾಯು ಚುಚ್ಚುಮದ್ದು ಮೊದಲೇ ಆಗಿರಲಿ. ಸಂಜೆ ಕಚ್ಚುವ ನೊಣ ಜಾಸ್ತಿ, ಸರ್ರಾ ರೋಗ ಹರಡುವುದು ಅವುಗಳಿಂದಲೇ. ಮರೆಯಲ್ಲೂ ಸ್ವಲ್ಪ ಗಾಳಿ ಆಡುವ ಕಡೆ ಕಟ್ಟಿದರೆ ಕಾಟ ಕಡಿಮೆ. ರಾತ್ರಿ ಒಮ್ಮೆ ಎದ್ದು ಲದ್ದಿ ಹಾಕಿದೆಯಾ ನೋಡಿ. ಹಾಕಿಲ್ಲ, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುತ್ತದೆ, ಕಾಲಿಂದ ಹೊಟ್ಟೆಗೆ ಒದೆಯುತ್ತದೆ, ಹೊರಳುತ್ತದೆ ಅಂದರೆ ಅದು ಹೊಟ್ಟೆಶೂಲೆ. ಮೇವು ತೆಗೆದುಬಿಡಿ, ಬೆಳಗಾಗಲಿ ಅಂತ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಹತ್ತಿರದ ಪಶುವೈದ್ಯರ ನಂಬರ್ ಹೊರಡುವ ಮೊದಲೇ ಬರೆದಿಟ್ಟುಕೊಂಡಿರಬೇಕು, ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಕೂಡ ಇದೆ.

ಹೋಗುವ ಕಾಲ ನವೆಂಬರಿನಿಂದ ಜನವರಿ. ಜುಲೈನಲ್ಲಿ ಗಾಳಿ ಎಷ್ಟಿರುತ್ತದೆ ಅಂತ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದರೇ ಗೊತ್ತಾಗುತ್ತದೆ, ಟೆಂಟಿನ ಬಟ್ಟೆ ಪಟಪಟ ಬಡಿದರೆ ಕುದುರೆ ರಾತ್ರಿಯೆಲ್ಲ ಬೆಚ್ಚುತ್ತಲೇ ಇರುತ್ತದೆ.

ಬೆಳಗ್ಗೆ ದಾವಣಿ ಬಿಚ್ಚಿ, ಕೆದಕಿದ ನೆಲವನ್ನು ಕಾಲಲ್ಲೇ ಸರಿ ಮಾಡಿ, ಲದ್ದಿಯನ್ನು ಗೋಣಿಚೀಲಕ್ಕೆ ತುಂಬಿ. ಹೊಲದವರ ತಿಪ್ಪೆಗೆ ಹಾಕಲಾ ಅಂತ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಅವತ್ತು ನನ್ನನ್ನು ಬೈದ ಯಜಮಾನರು ಈಗ ಚೀಲ ಅವರೇ ತಂದುಕೊಡುತ್ತಾರೆ.