ಜೀಪಿನ ಬಾಡಿಗೆ ಯಾರ ಲೆಕ್ಕಕ್ಕೆ?

2020ರ ಡಿಸೆಂಬರಿನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಗೆ ನಾನೂ ನಿಂತಿದ್ದೆ. ಮೂಡಿಗೆರೆ ಕಡೆಯ ನಮ್ಮೂರಿನ ಮಹಿಳಾ ಮೀಸಲು ಸ್ಥಾನ ಅದು. ಎದುರಿಗೆ ಇನ್ನಿಬ್ಬರು ಹೆಂಗಸರು. ತಲಾ 15,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವುದಿಲ್ಲ ಅಂತ ಮೂವರೂ ಒಂದು ಕಾಗದಕ್ಕೆ ಸಹಿ ಹಾಕಿದೆವು. ಹೇಗೆ ಒಪ್ಪಿಸಿದ್ರಿ ಅಂತ ಈಗಲೂ ಕೇಳುವವರಿದ್ದಾರೆ.

ಮಾತಾಡಲು ನಾನು ಆರಿಸಿಕೊಂಡಿದ್ದು ನಾಮಪತ್ರ ವಾಪಸ್ ಪಡೆಯುವ ಕೊನೇ ದಿನ. ಕಣದಲ್ಲಿ ಉಳಿದವರು ಯಾರು ಅಂತ ಅವತ್ತು ಗೊತ್ತಾಗುತ್ತದೆ. ಚುನಾವಣಾ ಗುರುತು ಸಿಗುವುದೂ ಅವತ್ತೇ. ಅದಕ್ಕಿಂತ ಮೊದಲು ಹೋದರೆ ಹೆದರಿದ್ದಾಳೆ ಅನ್ನುತ್ತಾರೆ. ತಡವಾದರೆ ಅಷ್ಟರಲ್ಲಿ ಬಾಡೂಟದ ಕೋಳಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ.

'ಇದಕ್ಕೆ ಕಾನೂನಿನ ಬಲ ಇದೆಯಾ?' ಅನ್ನುವುದೇ ಮೊದಲ ಪ್ರಶ್ನೆ. ಇಲ್ಲ. ಆದರೆ ಇವತ್ತು ಎಲ್ಲರ ಬಾಯಲ್ಲಿರುವ ಮಾದರಿ ನೀತಿ ಸಂಹಿತೆ ಹುಟ್ಟಿದ್ದೂ ಹೀಗೇ ಅಲ್ವಾ? 1960ರ ಕೇರಳ ವಿಧಾನಸಭೆ ಚುನಾವಣೆಯಲ್ಲಿ ಪಕ್ಷಗಳು ತಾವಾಗಿಯೇ ಒಪ್ಪಿಕೊಂಡ ಕಟ್ಟುಪಾಡು ಅದು. ಈ ಮಾತಿಗೆ ಅವರು ಸ್ವಲ್ಪ ಮೆತ್ತಗಾದರು.

ಮೊತ್ತಕ್ಕೆ ಬೇಗ ಒಪ್ಪಿದರು. ಕಷ್ಟವಾಗಿದ್ದು ಯಾವುದನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಅನ್ನುವುದು. ಮಹಿಳಾ ಸ್ಥಾನ ಅಂದರೂ ದುಡ್ಡು ಗಂಡ, ಮೈದುನರ ಕೈಯಲ್ಲಿರುತ್ತದೆ. ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲದಿದ್ದರೂ ಹಿಂದೆ ಪಕ್ಷದವರು ಇದ್ದೇ ಇರುತ್ತಾರೆ. 'ನಾನು ಕೊಟ್ಟಿಲ್ಲ, ಬೆಂಬಲಿಗರು ಕೊಟ್ಟರು' ಅಂದುಬಿಟ್ಟರೆ ಮಿತಿ ಸುಮ್ನೆ ಕಾಗದದ ಮೇಲಿರುತ್ತದೆ. ದೊಡ್ಡ ಚುನಾವಣೆಗಳಲ್ಲೂ ಇದೇ ಕಥೆ. ಅಭ್ಯರ್ಥಿಗೆ ಗೊತ್ತಿದ್ದು ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯದೇ ಲೆಕ್ಕ ಅಂತ 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ವರ್ಷ ಕಾನೂನಿಗೆ ತಿದ್ದುಪಡಿ ತಂದು ಆ ತೀರ್ಪನ್ನು ಹಲ್ಲಿಲ್ಲದ ಹಾಗೆ ಮಾಡಿದರು. ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಹಾಗಾಗಿ ನಮ್ಮ ಕಾಗದದಲ್ಲಿ ಒಂದು ಸಾಲು ಹಾಕಿಸಿದೆ: ಹಣ ಯಾರೇ ಕೊಡಲಿ, ಯಾರಿಗೆ ವೋಟು ಕೇಳಲು ಖರ್ಚಾಯಿತೋ ಅವರ ಪುಸ್ತಕದಲ್ಲಿ ಬರೆಯಬೇಕು. ಬರೆಯುವವಳು ಅಭ್ಯರ್ಥಿಯೇ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದು ಮೂವರಿಗೂ ರೂಢಿಯಿತ್ತು.

ನಮ್ಮಲ್ಲಿ ಮನೆಗಳು ತೋಟದ ನಡುವೆ ಅಲ್ಲೊಂದು ಇಲ್ಲೊಂದು. ಅದು ಕಾಫಿ ಕುಯ್ಲಿನ ಕಾಲ ಬೇರೆ. ತೋಟದ ಕೂಲಿಯವರು, ಲೈನ್ ಮನೆಯವರು, ಸಿಗುವುದು ಸಂಜೆ ಕತ್ತಲಾದ ಮೇಲೆ. ಜೀಪಿಲ್ಲದೆ ಆಗುವುದಿಲ್ಲ. ಒಬ್ಬರ ಯಜಮಾನರು ರೇಗಿದರು, 'ನನ್ನ ಜೀಪು, ನನ್ನ ಡೀಸೆಲ್. ಇದೆಂಥ ಖರ್ಚು?' ಅವರ ಹೆಂಡತಿಯೇ ತಿರುಗಿ ಹೇಳಿದರು, 'ಬೇರೆಯವರದ್ದು ತಂದಿದ್ದರೆ ಬಾಡಿಗೆ ಕೊಡಬೇಕಿತ್ತಲ್ಲ? ಅಷ್ಟೇ ಬರೆಯೋದು.' ಎಲ್ಲರೆದುರೇ ಬರೆದರು.

ಹೆಂಡ, ಬಾಡೂಟ, ಸೀರೆ ಬೇಡ. ಜೊತೆಗೆ ನಡೆಯುವವರಿಗೆ ಟೀ, ಉಪ್ಪಿಟ್ಟು ಸಾಕು. ಮನೆತನ, ಜಾತಿ ಎತ್ತಿ ಮಾತಾಡುವಂತಿಲ್ಲ. ವಾಟ್ಸಾಪಿನಲ್ಲಿ ಏನಾದರೂ ಬಂದರೆ ಹಂಚುವ ಮೊದಲು ಆ ಅಭ್ಯರ್ಥಿಗೇ ಫೋನ್ ಮಾಡಬೇಕು. ಇವೆಲ್ಲ ಬೇಗ ಮುಗಿದವು. ನಾನು ಪಟ್ಟು ಹಿಡಿದಿದ್ದು ಆಣೆಯ ವಿಷಯಕ್ಕೆ. ಕೈಗೆ ನೋಟಿಟ್ಟು ಧರ್ಮಸ್ಥಳದ ಮಂಜುನಾಥನ ಮೇಲೆ ಪ್ರಮಾಣ ಮಾಡಿಸಿದರೆ, ಬಡವರು ಆ ಭಯಕ್ಕೇ ವೋಟು ಹಾಕುತ್ತಾರೆ. ದುಡ್ಡಿಗಿಂತ ದೊಡ್ಡ ಅನ್ಯಾಯ ಇದು.

ಗುಟ್ಟಾಗಿ ದುಡ್ಡು ಹಂಚುವ 'ಕತ್ತಲ ರಾತ್ರಿ'ಗೆ ಒಂದು ಏರ್ಪಾಡು ಮಾಡಿಕೊಂಡೆವು. ಮತದಾನದ ಹಿಂದಿನ ರಾತ್ರಿ ಮೂರೂ ಕಡೆಯ ಗಂಡಸರು ಬಸ್ ಸ್ಟಾಪಿನಲ್ಲಿ ಒಟ್ಟಿಗೆ ಕೂರಬೇಕು. ಚಳಿಗೆ ಬೆಂಕಿ ಹಾಕಿಕೊಂಡು ಕೂತರು. ಒಬ್ಬ ಎದ್ದರೆ ಉಳಿದವರು 'ಎಲ್ಲಿಗೆ?' ಅನ್ನುತ್ತಿದ್ದರಂತೆ.

ನಾನು ಸೋತೆ. ಫಲಿತಾಂಶದ ನಂತರ ಶಾಲೆ ಜಗಲಿಯಲ್ಲಿ ಮೂರೂ ಪುಸ್ತಕ ಓದಿಸಿದೆವು. ಗೆದ್ದವರ ಖರ್ಚು ಮಿತಿ ದಾಟಿತ್ತು, ಅದೇ ಜೀಪಿನಿಂದ. ಅವರು ಮುಚ್ಚಿಡಲಿಲ್ಲ. ನನಗೆ ಬೇಜಾರಾಯಿತು, ಆದರೂ ಆ ಪುಸ್ತಕದ ಮೇಲೆ ಗೌರವ ಬಂತು.

ಮೀರಿದಷ್ಟು ಹಣ ದೇವಸ್ಥಾನಕ್ಕೆ ದಂಡ ಕಟ್ಟಲಿ ಅಂತ ಕೆಲವರು ಅಂದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ, ದೇವಸ್ಥಾನಕ್ಕೆ ಜಾಸ್ತಿ ದುಡ್ಡು ಕೊಟ್ಟವರಿಗೆ ಸೀಟು ಹರಾಜು ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಪ್ರಚಾರದ ನಡುವೆಯೇ ಒಂದು ಸಂಜೆ ಪುಸ್ತಕಗಳನ್ನು ಊರಿನ ಮುಂದೆ ತೆರೆಯಬೇಕು, ವೋಟು ಹಾಕುವ ಮೊದಲೇ ಜನಕ್ಕೆ ಗೊತ್ತಾಗಬೇಕು ಅಂತ ಹೇಳಿದೆ. ಮುಂದಿನ ಸಲದ ಕಾಗದಕ್ಕೆ ಆ ಸಾಲು ಸೇರಿಸಿಟ್ಟಿದ್ದೇವೆ. ಅದಕ್ಕೆ ಮೊದಲ ಸಹಿ ಹಾಕಿದವರು ಗೆದ್ದವರೇ.