ಬೀವರ್ ನೋಡಬೇಕೆಂದರೆ ಮೊದಲು ಮರ ನೋಡಿ

ಹಲ್ಲಿನಿಂದ ಮರ ಕಡಿದು ಹೊಳೆಗೆ ಒಡ್ಡು ಕಟ್ಟುವ ಪ್ರಾಣಿ ಬೀವರ್. ಅದನ್ನು ನೋಡಲು ಬರುವವರು ಸಾಮಾನ್ಯವಾಗಿ ನೀರನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ಅದೂ ನಡು ಮಧ್ಯಾಹ್ನ. ಬೀವರ್ ಹೊರಗೆ ಬರುವುದು ಹೊತ್ತು ಇಳಿದ ಮೇಲೆ, ಆದ್ದರಿಂದ ಬೇಸರವೇ ಗತಿ. ಉತ್ತರ ಅಮೆರಿಕದ ಬೀವರ್‌ಗಳನ್ನು ನೋಡುತ್ತಾ ಬಂದ ನನಗೆ ಒಗ್ಗಿದ ಕ್ರಮ ಬೇರೆ. ಹಗಲು ಹೋಗಿ ದಡ ಸುತ್ತುತ್ತೇನೆ. ಪ್ರಾಣಿಗಾಗಿ ಕಾಯುವುದು ಆಮೇಲಿನ ಮಾತು.

ಮೊದಲು ಹುಡುಕುವುದು ಕಡಿದ ಬುಡ. ಆಸ್ಪೆನ್ ಅಥವಾ ವಿಲ್ಲೋ ಮರ ಇದ್ದರೆ ಅಲ್ಲೇ ಶುರು ಮಾಡುತ್ತೇನೆ, ಅವು ಬೀವರ್‌ಗೆ ಬಲು ಇಷ್ಟ. ಕಡಿದ ಜಾಗ ಬೆಳ್ಳಗೆ, ಹಸಿಯಾಗಿ ಇದ್ದರೆ ಕೆಲಸ ಹೊಸದು. ಬೂದು ಬಣ್ಣಕ್ಕೆ ತಿರುಗಿದ್ದರೆ ಕಡಿದವರು ಯಾವಾಗಲೋ ಜಾಗ ಬಿಟ್ಟಿರಬಹುದು. ಕುಕ್ಕರುಗಾಲಲ್ಲಿ ಕೂತು ಹತ್ತಿರದಿಂದ ನೋಡಿ, ಜೋಡಿ ಜೋಡಿ ಗೀರುಗಳು ಕಾಣುತ್ತವೆ. ಬೀವರ್ ತಲೆಯನ್ನು ಓರೆ ಮಾಡಿ ಮೇಲಿನ ಬಾಚಿಹಲ್ಲುಗಳನ್ನು ಮರಕ್ಕೆ ಊರುತ್ತದೆ, ಕೆಳಗಿನ ಹಲ್ಲುಗಳಿಂದ ಕೊರೆಯುತ್ತದೆ. ಹಲ್ಲಿನ ಮುಂಭಾಗದ ಎನಾಮೆಲ್‌ನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅದು ಗಟ್ಟಿ, ಬಣ್ಣವೂ ಕಿತ್ತಳೆ. ಹಿಂಭಾಗ ಅಷ್ಟು ಗಟ್ಟಿಯಲ್ಲ, ಬೇಗ ಸವೆಯುತ್ತದೆ. ಹಾಗಾಗಿ ಕಡಿದಷ್ಟೂ ಅಂಚು ಚೂಪಾಗುತ್ತಲೇ ಇರುತ್ತದೆ. ಇಲಿ, ಅಳಿಲುಗಳ ಬಳಗದ್ದೇ ಪ್ರಾಣಿ ಅಲ್ವಾ, ಹಲ್ಲು ಸಾಯುವವರೆಗೂ ಬೆಳೆಯುತ್ತದೆ.

ಮರ ಯಾವ ಕಡೆ ಬೀಳಬೇಕು ಅಂತ ಬೀವರ್ ಲೆಕ್ಕ ಹಾಕಿ ಕಡಿಯುತ್ತದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ದಡದ ಮರಗಳು ಬೆಳಕು ಹುಡುಕಿಕೊಂಡು ನೀರಿನ ಕಡೆಗೇ ಬಾಗಿರುತ್ತವೆ, ಆ ಕಡೆಗೇ ಬೀಳುತ್ತವೆ. ಪಕ್ಕದ ಮರಕ್ಕೆ ಸಿಕ್ಕಿಕೊಂಡು ನೇತಾಡುವ ಮರಗಳನ್ನೂ ಬೇಕಾದಷ್ಟು ನೋಡಿದ್ದೇನೆ. ತಾನೇ ಕಡಿದ ಮರದಡಿ ಸಿಕ್ಕಿ ಸಾಯುವ ಬೀವರ್‌ಗಳೂ ಉಂಟು.

ನೀರಿನಂಚಿನಲ್ಲಿ ತೊಗಟೆ ಸುಲಿದ ಬಿಳಿ ಕಡ್ಡಿಗಳು ರಾಶಿ ಬಿದ್ದಿದ್ದರೆ ಅದು ಊಟದ ಜಾಗ. ಕಡ್ಡಿಯನ್ನು ಮುಂಗಾಲುಗಳಲ್ಲಿ ಹಿಡಿದು ಮೆಕ್ಕೆಜೋಳದ ತೆನೆಯ ಹಾಗೆ ತಿರುಗಿಸುತ್ತಾ ತೊಗಟೆ ಮತ್ತು ಅದರ ಕೆಳಗಿನ ಎಳೆಯ ಪದರವನ್ನು ತಿನ್ನುತ್ತದೆ. ಒಳಗಿನ ಗಟ್ಟಿ ಮರ ಬೇಡ, ಅದು ಒಡ್ಡಿಗೋ ಗೂಡಿಗೋ ಹೋಗುತ್ತದೆ. ಬೇಸಿಗೆಯಲ್ಲಿ ನೈದಿಲೆಯಂಥ ನೀರಿನ ಗಿಡಗಳು ಸಿಗುತ್ತವೆ, ಆಗ ಮರ ಕಡಿಯುವುದು ಕಡಿಮೆ. ದಡದಲ್ಲಿ ಕೈಯಿಂದ ಗುಡ್ಡೆ ಹಾಕಿದಂತೆ ಕೆಸರು ಕಂಡರೆ ಬಗ್ಗಿ ಮೂಸಿ ನೋಡುತ್ತೇನೆ. ಬಾಲದ ಬುಡದ ಗ್ರಂಥಿಯಿಂದ ಬರುವ ಕ್ಯಾಸ್ಟೋರಿಯಂ ಎಂಬ ವಾಸನೆಯ ದ್ರವವನ್ನು ಅಲ್ಲಿ ಬಿಟ್ಟಿರುತ್ತದೆ. ಇದು ನಮ್ಮ ಜಾಗ, ಆಚೆ ಹೋಗಿ ಅಂತ ಬೇರೆ ಬೀವರ್‌ಗಳಿಗೆ ಹೇಳುವ ಕ್ರಮ.

ಇಷ್ಟಾದ ಮೇಲೆ ಸಂಜೆಯ ಕೆಲಸ. ಗಾಳಿ ನೀರಿನಿಂದ ನನ್ನ ಕಡೆ ಬೀಸುವ ಜಾಗದಲ್ಲೇ ಕೂರುತ್ತೇನೆ. ಬೀವರ್‌ನ ಕಣ್ಣು ಅಷ್ಟೇನೂ ಚುರುಕಲ್ಲ, ಮೂಗು ಮತ್ತು ಕಿವಿ ಮಾತ್ರ ಬಲು ಚುರುಕು. ಈಜುತ್ತಿರುವುದು ಮಸ್ಕ್‌ರ‍್ಯಾಟ್ ಎಂಬ ಚಿಕ್ಕ ನೀರಿಲಿ ಕೂಡ ಇರಬಹುದು, ಹೊಸಬರು ಅದನ್ನೇ ಬೀವರ್ ಮರಿ ಅಂದುಕೊಳ್ಳುತ್ತಾರೆ. ನೀರಿನ ಮೇಲೆ ದಪ್ಪ ತಲೆಯೇ ಜಾಸ್ತಿ ಕಂಡರೆ ಬೀವರ್. ಬೆನ್ನೆಲ್ಲ ಕಂಡು, ಹಿಂದೆ ತೆಳ್ಳನೆಯ ಬಾಲ ಹಾವಿನಂತೆ ಅತ್ತಿತ್ತ ಹೊರಳುತ್ತಿದ್ದರೆ ಮಸ್ಕ್‌ರ‍್ಯಾಟ್. ಬೆಳೆದ ಬೀವರ್ ಸುಲಭವಾಗಿ 20 ಕಿಲೋ ತೂಗುತ್ತದೆ, ಇಲಿ ಬಳಗದಲ್ಲಿ ಅದಕ್ಕಿಂತ ದೊಡ್ಡದು ದಕ್ಷಿಣ ಅಮೆರಿಕದ ಕ್ಯಾಪಿಬರಾ ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟ ಅದು ಮೈ ತಿಕ್ಕಿಕೊಳ್ಳುವುದನ್ನು ನೋಡುವುದು. ದಡಕ್ಕೆ ಹತ್ತಿ ಕೂತು, ಮುಂಗಾಲುಗಳಿಂದ ಹೊಟ್ಟೆ, ಎದೆ, ಕೆನ್ನೆ ಉಜ್ಜುತ್ತದೆ. ಹಿಂಗಾಲಿನ ಎರಡನೇ ಬೆರಳಿನ ಉಗುರು ಸೀಳಿದಂತಿದೆ, ಅದೇ ಅದರ ಬಾಚಣಿಗೆ. ಗುದದ ಬಳಿಯ ಗ್ರಂಥಿಯ ಎಣ್ಣೆಯನ್ನು ತುಪ್ಪಳಕ್ಕೆಲ್ಲ ಹಚ್ಚುತ್ತದೆ. ಹೊರಗಿನ ಕೂದಲು ಒರಟು, ಒಳಗಿನದು ಎಷ್ಟು ಒತ್ತಾಗಿದೆ ಎಂದರೆ ನೀರು ಚರ್ಮ ಮುಟ್ಟುವುದಿಲ್ಲ. ಈ ತುಪ್ಪಳದ ಟೋಪಿಗಳ ಹುಚ್ಚಿಗೇ ಯುರೋಪಿನ ಬೀವರ್ ಹತ್ತಿರ ಹತ್ತಿರ ಅಳಿದುಹೋಗಿತ್ತು. 1900ರ ಹೊತ್ತಿಗೆ ಯುರೋಪ್, ಏಷ್ಯಾ ಎರಡೂ ಸೇರಿ ಸುಮಾರು 1,200 ಉಳಿದಿದ್ದವು. ಅದು ಬೇರೆಯೇ ಜಾತಿ. ನೋಡಲು ಎರಡೂ ಒಂದೇ ಥರ, ಆದರೆ ಅದಕ್ಕೆ 48 ಕ್ರೋಮೋಸೋಮ್, ಅಮೆರಿಕದ್ದಕ್ಕೆ 40.

ಒಂದಲ್ಲ ಒಂದು ಹೊತ್ತಿನಲ್ಲಿ ನಿಮ್ಮ ವಾಸನೆ ಅದಕ್ಕೆ ಸಿಕ್ಕೇ ಸಿಗುತ್ತದೆ. ಬಾಲವನ್ನು ನೀರಿಗೆ ರಪ್ ಎಂದು ಬಡಿದು ಮುಳುಗುತ್ತದೆ. ಕಿವಿ, ಮೂಗು ಮುಚ್ಚಿಕೊಂಡು, ಕಣ್ಣಿಗೆ ಪಾರದರ್ಶಕ ಪೊರೆ ಎಳೆದುಕೊಂಡು 15 ನಿಮಿಷದವರೆಗೂ ಒಳಗಿರಬಲ್ಲದು. ಹೆಚ್ಚಿನ ಸಲ ಅಷ್ಟು ಹೊತ್ತು ಇರುವುದಿಲ್ಲ. ಎದ್ದು ಹೋಗಬೇಡಿ, ಅಲ್ಲಾಡದೆ ಕೂತರೆ ಮತ್ತೆ ತಲೆ ಎತ್ತುತ್ತದೆ. ಅಂದಹಾಗೆ ಬಾಲದಿಂದ ಕೆಸರು ಬಳಿಯುತ್ತದೆ ಎನ್ನುವುದು ಸುಮ್ನೆ ಕಟ್ಟುಕಥೆ. ಕೆಸರನ್ನು ಮುಂಗಾಲು ಮತ್ತು ಗಲ್ಲದ ನಡುವೆ ಒತ್ತಿ ತರುತ್ತದೆ. ಬಾಲ ಈಜುವಾಗ ಚುಕ್ಕಾಣಿ, ಮರ ಕಡಿಯುವಾಗ ಊರುಗೋಲು, ಚಳಿಗಾಲಕ್ಕೆ ಕೊಬ್ಬಿನ ಉಗ್ರಾಣ.

ಒಡ್ಡಿನ ವಿಷಯದಲ್ಲಿ ಕಿವಿಗೇ ಮೊದಲ ಕೆಲಸ. ನೀರು ಸೋರುವ ಸದ್ದು ಕೇಳಿದರೆ ಬೀವರ್ ಸುಮ್ಮನಿರಲಾರದು, ಅಲ್ಲಿಗೆ ಕೊಂಬೆ, ಕೆಸರು ತಂದು ತುಂಬುತ್ತದೆ. ಕೆನಡಾದ ವುಡ್ ಬಫೆಲೋ ರಾಷ್ಟ್ರೀಯ ಉದ್ಯಾನದಲ್ಲಿ ಹೀಗೆ ತಲೆಮಾರುಗಳಿಂದ ಕಟ್ಟಿದ ಸುಮಾರು 850 ಮೀಟರ್ ಉದ್ದದ ಒಡ್ಡಿದೆ. 2007ರಲ್ಲಿ ಉಪಗ್ರಹ ಚಿತ್ರ ನೋಡುವಾಗ ಅದು ಕಣ್ಣಿಗೆ ಬಿತ್ತು.

ಗೂಡಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯಲು ಶರತ್ಕಾಲವೇ ಒಳ್ಳೆಯದು. ಗೂಡಿಗೆ ಹೊಸ ಕೆಸರು ಬಳಿದಿದ್ದರೆ, ಪಕ್ಕದ ನೀರಿನಲ್ಲಿ ಎಲೆ ಸಮೇತ ಕೊಂಬೆಗಳ ರಾಶಿ ಕಂಡರೆ ಸಂಸಾರ ಅಲ್ಲೇ ಇದೆ. ಬೀವರ್ ಚಳಿಗಾಲವಿಡೀ ಮಲಗುವ ಪ್ರಾಣಿಯಲ್ಲ. ಮೇಲೆ ಹಿಮ ಗಟ್ಟಿಯಾದಾಗ ನೀರೊಳಗಿನ ಬಾಗಿಲಿಂದ ಹೋಗಿ ಆ ಕೊಂಬೆಗಳನ್ನೇ ತಂದು ತಿನ್ನುತ್ತದೆ. ಅಪ್ಪ, ಅಮ್ಮ, ಹೋದ ವರ್ಷದ ಮರಿಗಳು, ಈ ವರ್ಷದವು ಎಲ್ಲ ಒಂದೇ ಗೂಡಲ್ಲಿ. ಎರಡು ವರ್ಷ ತುಂಬಿದವು ಹೊಸ ಜಾಗ ಹುಡುಕಿಕೊಂಡು ಹೋಗುತ್ತವೆ. ಮರಿ ಹುಟ್ಟುವುದು ಹೆಚ್ಚಾಗಿ ಮೇ, ಜೂನ್‌ನಲ್ಲಿ. ಆಗ ಗೂಡಿನ ಹತ್ತಿರ ಹೋಗದೆ ದೂರದಿಂದಲೇ ಕಿವಿಗೊಡಿ, ಒಳಗಿಂದ ಮರಿಗಳ ಕುಂಯ್‌ಗುಟ್ಟುವ ದನಿ ಕೇಳುತ್ತದೆ. ನಾಯಿಯನ್ನಂತೂ ಕರೆದೊಯ್ಯಲೇಬೇಡಿ. ಮರಿ ಇರುವಾಗ ಬೀವರ್ ನಾಯಿಯ ಮೇಲೆ ಎರಗಬಹುದು, ಮರ ಕಡಿಯುವ ಹಲ್ಲಿನ ಗಾಯ ಸಣ್ಣದಲ್ಲ.