ಶಾಲೆಗೆ ವೆಬ್ ವ್ಯವಸ್ಥೆ ತರುವ ಮುನ್ನ ದಾಖಲಾತಿ ವಹಿ ಬಿಚ್ಚಿ

ವಿದ್ಯಾರ್ಥಿಗಳ ಮಾಹಿತಿಗೆ ವೆಬ್ ವ್ಯವಸ್ಥೆ ತರೋಣ ಅಂತ ಆಡಳಿತ ಮಂಡಳಿಯಲ್ಲಿ ತೀರ್ಮಾನವಾದ ಕೂಡಲೇ ಎಲ್ಲರೂ ಕೇಳುವುದು ಯಾವ ಕಂಪನಿ, ವರ್ಷಕ್ಕೆ ಎಷ್ಟು ದುಡ್ಡು ಅಂತ. ನಾನು ಚಿಂತಾಮಣಿ ತಾಲ್ಲೂಕಿನ ಅನುದಾನಿತ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ನಮ್ಮಲ್ಲಿ ಈ ಕೆಲಸ ಮುಗಿಸಿದ ಮೇಲೆ ಸುತ್ತಮುತ್ತಲ ಶಾಲೆಯವರು ಕರೆದಾಗಲೂ ಹೋಗಿ, ಜೊತೆಗೆ ಕೂತು ಮಾಡಿಸಿದ್ದೇನೆ. ಕಂಪನಿಯ ಮಾತು ಕೊನೆಗಿರಲಿ. ಮೊದಲು ಬೀರುವಿನಿಂದ ದಾಖಲಾತಿ ವಹಿ ತೆಗೆದು ಮೇಜಿನ ಮೇಲಿಡಿ.

ಯಾವುದಾದರೂ ಒಂದು ತರಗತಿ ಆರಿಸಿಕೊಂಡು ದಾಖಲಾತಿ ವಹಿ, ಹಾಜರಿ ಪುಸ್ತಕ, ಜನನ ಪ್ರಮಾಣ ಪತ್ರ, ಆಧಾರ್ ಜೆರಾಕ್ಸ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮದು ಕೈವಾರ ತಾತಯ್ಯ, ಅಂದರೆ ಯೋಗಿ ನಾರೇಯಣರ ಸೀಮೆ. ಪೋಷಕರ ಪಟ್ಟಿಯಲ್ಲಿ ನಾರಾಯಣಪ್ಪ, ನಾರಾಯಣಸ್ವಾಮಿ, ನಾರಾಯಣಮ್ಮ ಇಲ್ಲದ ತರಗತಿಯೇ ಸಿಗುವುದಿಲ್ಲ. ತಂದೆಯ ಹೆಸರು ವಹಿಯಲ್ಲಿ ವೆಂಕಟರವಣಪ್ಪ ಅಂತಿದ್ದರೆ ಆಧಾರ್‌ನಲ್ಲಿ ವೆಂಕಟರಮಣಪ್ಪ. ಮಗುವಿನ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ಮುರುಗಮಲ್ಲ ಕಡೆಯಿಂದ ಬರುವ ಮಕ್ಕಳಲ್ಲಿ ಮೊಹಮ್ಮದ್ ಅನ್ನುವುದನ್ನು ಒಬ್ಬರು ಎಂಡಿ ಅಂತ ಚುಟುಕಾಗಿ ಬರೆದಿರುತ್ತಾರೆ, ಇನ್ನೊಬ್ಬರು ಪೂರ್ತಿ ಬರೆದಿರುತ್ತಾರೆ. ಕಾಗದದ ಕಾಲದಲ್ಲಿ ಇದರಿಂದ ತೊಂದರೆ ಕಡಿಮೆ, ಯಾಕೆಂದರೆ ಓದುವ ಮೇಷ್ಟ್ರಿಗೆ ಮಗು ಯಾರು ಅಂತ ಗೊತ್ತು. ಕಂಪ್ಯೂಟರಿಗೆ ಒಂದಕ್ಷರ ಬೇರೆಯಾದರೆ ಮಗುವೇ ಬೇರೆ. ಪೆಟ್ಟು ಬೀಳುವುದು ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ಎಸ್‌ಎಸ್‌ಎಲ್‌ಸಿ ನೋಂದಣಿಯಲ್ಲಿ. ಆಗ ಅಲೆಯುವವರು ದಿನಗೂಲಿ ಬಿಟ್ಟು ಬರುವ ತಂದೆತಾಯಿ.

ಹಾಗಾಗಿ ಪ್ರತಿ ಮಗುವಿಗೂ ಒಂದು ಚೀಟಿ ಮುದ್ರಿಸಿ. ಅದರಲ್ಲಿ ಮಗುವಿನ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ನಂಬರ್ ಇದ್ದರೆ ಸಾಕು. ಮನೆಗೆ ಕಳಿಸಿ ಸಹಿ ಮಾಡಿಸಿ ತರಿಸುವುದರ ಬದಲು ಪೋಷಕರ ಸಭೆಯ ದಿನ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿ. ಓದು ಬರದ ತಾಯಿಯೂ ತನ್ನ ಮಗಳ ಹೆಸರು ತಪ್ಪಾಗಿ ಉಚ್ಚರಿಸಿದರೆ ತಕ್ಷಣ ತಡೆಯುತ್ತಾಳೆ. ನಮ್ಮಲ್ಲಿ ಮನೆಮಾತು ತೆಲುಗು ಆಗಿರುವವರೇ ಜಾಸ್ತಿ. ತೆಲುಗು ಬಲ್ಲ ಮೇಷ್ಟ್ರೊಬ್ಬರು ಪಕ್ಕದಲ್ಲಿದ್ದರೆ ಕೆಲಸ ಸಲೀಸು. ವಹಿಗೂ ಬೇರೆ ದಾಖಲೆಗೂ ಹೊಂದದ ಹೆಸರುಗಳನ್ನೆಲ್ಲ ಪ್ರತ್ಯೇಕ ಪಟ್ಟಿ ಮಾಡಿ ಮುಖ್ಯ ಶಿಕ್ಷಕರ ಮುಂದಿಡಿ. ಹುಟ್ಟಿದ ದಿನಾಂಕವನ್ನು ಮಾತ್ರ ನೀವೇ ತಿದ್ದಲು ಹೋಗಬೇಡಿ. ಅದು ದಾಖಲೆ ಸಮೇತ ಮೇಲಿನ ಕಚೇರಿಗೆ ಹೋಗಬೇಕಾದ ವಿಷಯ.

ಎರಡನೆಯದು ಗುರುತಿನ ಸಂಖ್ಯೆ. ಮಗುವಿಗೆ ರಾಜ್ಯ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನ ಸಂಖ್ಯೆ ಇದೆ, ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆ ಯುಡೈಸ್ ಪ್ಲಸ್ ಕೊಡುವ ಪೆನ್ ಅನ್ನುವ ಶಾಶ್ವತ ಸಂಖ್ಯೆ ಇದೆ, ಈಗ ಕೇಂದ್ರದ್ದೇ 12 ಅಂಕಿಯ ವಿದ್ಯಾರ್ಥಿ ಗುರುತು ಅಪಾರ್ ಬಂದಿದೆ. 2022-23ರಿಂದ ಯುಡೈಸ್‌ಗೂ ಮಾಹಿತಿ ಒಬ್ಬೊಬ್ಬ ಮಗುವಿನ ಲೆಕ್ಕದಲ್ಲೇ ಹೋಗುತ್ತಿದೆ. ಇಷ್ಟಿರುವಾಗ ಕಂಪನಿಯವರು ಇನ್ನೊಂದು ಹೊಸ ಸಂಖ್ಯೆ ಕೊಟ್ಟು ಅದರ ಮೇಲೆ ಎಲ್ಲ ಕಟ್ಟಿದರೆ ಹೊಂದಿಸುವ ಹೊರೆ ವರ್ಷವರ್ಷವೂ ಕಚೇರಿಯ ತಲೆ ಮೇಲೆ. ಸ್ಯಾಟ್ಸ್ ಸಂಖ್ಯೆಯನ್ನೇ ಮುಖ್ಯ ಗುರುತಾಗಿ ಇಡಿಸಿ, ಪೆನ್‌ಗೆ ಪಕ್ಕದಲ್ಲಿ ಕಾಲಂ ಇರಲಿ. ಆಧಾರ್ ಸಂಖ್ಯೆಯನ್ನು ಗುರುತಾಗಿ ಬಳಸಲೇಬೇಡಿ.

ಇನ್ನು ಹಳೆಯ ಎಕ್ಸೆಲ್ ಫೈಲುಗಳು. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸಾಫ್ಟ್‌ವೇರ್ ಮಾರುವವರು ಇದನ್ನು ಹೇಳುವುದಿಲ್ಲ. ಶಾಲೆಗಳಲ್ಲಿ ಹಿಂದೆ ಕನ್ನಡ ಟೈಪ್ ಮಾಡಿದ್ದೆಲ್ಲ ಹೆಚ್ಚಾಗಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ. ವೆಬ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಿ: ಕೀರ್ತನಾ, ಐಶ್ವರ್ಯ, ಲಕ್ಷ್ಮೀದೇವಮ್ಮ. ಪ್ರದೀಪ್‌ಕುಮಾರ್ ಅನ್ನುವುದು ಪ್ರದೀಪ್ಕುಮಾರ್ ಆಗಿ ಕೂತಿರುತ್ತದೆ, ಅದನ್ನೂ ಸರಿಪಡಿಸಿ.

ಹಾಗೆಯೇ ದಿನಾಂಕ. 05-06 ಅಂತ ಬರೆದಿದ್ದನ್ನು ಎಕ್ಸೆಲ್ ಮೇ 6 ಅಂತ ಓದಿಕೊಂಡರೆ ಮಗುವಿನ ವಯಸ್ಸಿನಲ್ಲಿ ಒಂದು ತಿಂಗಳ ವ್ಯತ್ಯಾಸ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ದಿನ, ತಿಂಗಳು, ವರ್ಷ ಮೂರಕ್ಕೂ ಬೇರೆ ಬೇರೆ ಕಾಲಂ ಮಾಡಿ ತುಂಬಿಸಿ, ಆಮೇಲೆ ಸೇರಿಸಿ. ಉದ್ದದ ಸಂಖ್ಯೆಗಳಿರುವ ಕಾಲಂ ಅನ್ನು ತುಂಬುವ ಮೊದಲೇ ಟೆಕ್ಸ್ಟ್ ಅಂತ ಬದಲಾಯಿಸಿ. ಇಲ್ಲದಿದ್ದರೆ 12 ಅಂಕಿಯ ಸಂಖ್ಯೆ ನಡುವೆ ಇಂಗ್ಲಿಷಿನ ಇ (E) ಅಕ್ಷರ ಹೊತ್ತು ಚಿಕ್ಕದಾಗಿ ಕಾಣುತ್ತದೆ, ಹಾಗೇ ಅಪ್‌ಲೋಡ್ ಆದರೆ ಕೊನೆಯ ಅಂಕಿಗಳು ಹೋದ ಹಾಗೇ.

ಲಾಗಿನ್ ವಿಷಯದಲ್ಲಿ ಒಂದೇ ಹಠ ಹಿಡಿಯಿರಿ: ಶಾಲೆಯ ಹೆಸರಿನಲ್ಲಿ ಒಂದು ಸಿಮ್, ಒಂದು ಇಮೇಲ್. ಮುಖ್ಯ ಶಿಕ್ಷಕರ ಸ್ವಂತ ನಂಬರಿಗೆ ಒಟಿಪಿ ಬರುವಂತೆ ಮಾಡಿದರೆ ಅವರು ನಿವೃತ್ತರಾದ ಅಥವಾ ಬೇರೆ ಕಡೆ ಹೋದ ಮೇಲೆ ಪ್ರತಿ ಸಲ ಅವರಿಗೆ ಫೋನ್ ಮಾಡಿ ಬೇಡಬೇಕು. ಸಿಮ್ ಇರುವ ಫೋನ್ ಕಚೇರಿಯ ಡ್ರಾಯರ್‌ನಲ್ಲಿರಲಿ, ರೀಚಾರ್ಜ್ ಶಾಲೆಯ ಖರ್ಚಿನಲ್ಲಾಗಲಿ. ತರಗತಿ ಶಿಕ್ಷಕರಿಗೆ ಅವರವರ ತರಗತಿಯ ಹಾಜರಿ, ಅಂಕ ಮಾತ್ರ ಕಾಣಲಿ. ಹೆಸರು, ಜಾತಿ, ದಿನಾಂಕ ಬದಲಿಸುವ ಅಧಿಕಾರ ಕಚೇರಿಯ ಒಬ್ಬರಿಗೆ ಇರಲಿ, ಒಪ್ಪಿಗೆ ಕೊಡುವುದು ಮುಖ್ಯ ಶಿಕ್ಷಕರು.

ಹಾಜರಿಯನ್ನು ಪುಸ್ತಕದಲ್ಲಿ ಬರೆದೇ ಆಮೇಲೆ ಏರಿಸಿ. ನಮ್ಮ ಕಡೆ ಬೆಳಗ್ಗೆ ಕರೆಂಟ್ ಇದ್ದರೆ ನೆಟ್‌ವರ್ಕ್ ಇರುವುದಿಲ್ಲ, ಎರಡೂ ಇದ್ದರೆ ಸರ್ವರ್ ತೆರೆಯುವುದಿಲ್ಲ. ಮೊದಲ ಪಿರಿಯಡ್‌ನಲ್ಲಿ ಫೋನ್ ಹಿಡಿದು ನಿಂತರೆ ಪಾಠದ ಹೊತ್ತು ಹೋಗುತ್ತದೆ. ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲಿನ ಸ್ವಲ್ಪ ಹೊತ್ತನ್ನು ಇದಕ್ಕೆ ಅಂತ ಗೊತ್ತುಮಾಡಿ. ಪೋಷಕರಿಗೆ ಗೈರುಹಾಜರಿಯ ಸಂದೇಶ ಕಳಿಸುವುದಾದರೆ ಅದು ಕನ್ನಡದಲ್ಲಿರಲಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ವರ್ಷದ ನಡುವೆ ಬರುವ ಮಗು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಕುಟುಂಬ ನವೆಂಬರ್‌ನಲ್ಲಿ ಊರಿಗೆ ವಾಪಸ್ಸಾಗುತ್ತದೆ. ಹಿಂದಿನ ಶಾಲೆ ಟಿಸಿ ಕೊಡುವ ತನಕ ಆನ್‌ಲೈನ್‌ನಲ್ಲಿ ಮಗುವಿನ ಹೆಸರು ಅಲ್ಲೇ ಇರುತ್ತದೆ. ನಿಮ್ಮ ಪರದೆಯಲ್ಲಿ ಹೆಸರು ಬರಲಿಲ್ಲ ಅಂತ ಮಗುವನ್ನು ಮನೆಗೆ ಕಳಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿದೆ: 8ನೇ ತರಗತಿವರೆಗೆ ಟಿಸಿ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ದಾಖಲಾತಿ ನಿರಾಕರಿಸುವಂತಿಲ್ಲ. ಆಧಾರ್ ಇಲ್ಲ ಅನ್ನುವುದೂ ಶಾಲೆಗೆ ಸೇರಿಸದಿರಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಆದ್ದರಿಂದ ವ್ಯವಸ್ಥೆ ಮಾಡಿಸುವಾಗಲೇ ‘ದಾಖಲೆ ಬಾಕಿ’ ಅಂತ ಒಂದು ವಿಭಾಗ ಕೇಳಿ ಹಾಕಿಸಿ. ಹೆಸರು, ಬಂದ ದಿನ, ಹಿಂದಿನ ಶಾಲೆ ಇಷ್ಟರಲ್ಲೇ ಮಗು ಹಾಜರಿ ಪಟ್ಟಿಗೆ ಬರುವಂತಿರಬೇಕು. ಹಿಂದಿನ ಶಾಲೆಗೆ ಫೋನ್ ಮಾಡುವುದು ಕಚೇರಿಯ ಕೆಲಸ. ಆ ತಾಯಿಯನ್ನು ಟಿಸಿಗಾಗಿ ಬಸ್ಸು ಹತ್ತಿಸಬೇಡಿ.

ಪೂರ್ತಿ ತರಗತಿಯ ಎಕ್ಸೆಲ್ ಫೈಲನ್ನು ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಇವತ್ತೇ ನಿಲ್ಲಿಸಿ. ಅದರಲ್ಲಿ ಜಾತಿ, ಆದಾಯ, ಅಂಗವೈಕಲ್ಯ, ಹೆಣ್ಣುಮಕ್ಕಳ ಮನೆಯ ಫೋನ್ ನಂಬರ್ ಎಲ್ಲ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಅಪಾರ್‌ಗೂ ಒಪ್ಪಿಗೆ ಪತ್ರವಿದೆ. ಅದನ್ನು ಓದಿ ಹೇಳಿ ಸಹಿ ಪಡೆಯಿರಿ.

ಇಷ್ಟಾದ ಮೇಲೆ ಕಂಪನಿಯವರನ್ನು ಕರೆಯಿರಿ. ಬೇಸಿಗೆ ರಜೆಯಲ್ಲಿ ಸಿದ್ಧತೆ, ಜೂನ್‌ನಲ್ಲಿ 8ನೇ ತರಗತಿ ಒಂದರಿಂದಲೇ ಶುರು. ಹೊಸದಾಗಿ ಸೇರುವ ಮಕ್ಕಳ ದಾಖಲೆ ಹೇಗೂ ಆಗ ಕೈಯಲ್ಲಿರುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅವರ ಎದುರೇ ಒಂದು ಪರೀಕ್ಷೆ ಮಾಡಿ: ಹತ್ತು ಮಕ್ಕಳ ಮಾಹಿತಿ ತುಂಬಿ, ಅದನ್ನು ಪೂರ್ತಿಯಾಗಿ ಎಕ್ಸೆಲ್‌ಗೆ ಇಳಿಸಿಕೊಡಲು ಹೇಳಿ. ಕನ್ನಡ ಹೆಸರು, ದಿನಾಂಕ, ಸ್ಯಾಟ್ಸ್ ಸಂಖ್ಯೆ ಹಾಕಿದ ಹಾಗೇ ವಾಪಸ್ ಬಂದರೆ ಮುಂದುವರಿಯಿರಿ. ‘ಅದಕ್ಕೆ ಬೇರೆ ಶುಲ್ಕ’ ಅಥವಾ ‘ಇಳಿಸಲು ಬರುವುದಿಲ್ಲ’ ಅಂದರೆ ಬೇರೆಯವರನ್ನು ನೋಡಿ.